ಬಾಡಿಗೆ ಜೆಸಿಬಿ ಬಡಿದು ಗಾಯವಾದರೆ ಹೊಣೆ ಯಾರದು? ನಾನು ನಡೆಸಿದ ಒಂದು ಕೇಸು

ರಸ್ತೆ ಕೆಲಸದ ಯಂತ್ರ ಬಡಿದು ಗಾಯಗೊಂಡವರು ನನ್ನ ಹತ್ತಿರ ಬಂದಾಗ ಮೊದಲು ಕೇಳುವುದು, "ಸಾರ್, ಯಾರ ಮೇಲೆ ಕೇಸು ಹಾಕೋದು?" ಕಾರು, ಲಾರಿ ಅಪಘಾತದಲ್ಲಿ ಈ ಗೊಂದಲ ಅಷ್ಟಾಗಿ ಇರುವುದಿಲ್ಲ. ಬಾಡಿಗೆ ಯಂತ್ರದ ವಿಷಯ ಬೇರೆ. ಯಂತ್ರ ಒಬ್ಬರದು. ಅದರಲ್ಲಿ ಕೂತ ಆಪರೇಟರ್‌ಗೆ ಸಂಬಳ ಕೊಡುವವರು ಅವರೇ, ಆದರೆ ದಿನದ ಬಾಟಾ ಕೊಡುವವರು ಬೇರೆ. ಡೀಸೆಲ್ ಹಾಕಿಸುವವರು ಮತ್ತೊಬ್ಬರು. "ಇಲ್ಲಿ ಅಗೆ" ಎಂದು ತೋರಿಸುವವರು ಇನ್ಯಾರೋ. ರಸ್ತೆ ಸರ್ಕಾರದ್ದು. ಅಪಘಾತವಾದ ಮರುದಿನವೇ ಎಲ್ಲರೂ ಪಕ್ಕದವರ ಕಡೆ ಬೆರಳು ತೋರಿಸಲು ಶುರು ಮಾಡುತ್ತಾರೆ.

ನಾನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಗಾಯಾಳುಗಳ ಪರವಾಗಿ ಕೇಸು ನಡೆಸುವ ವಕೀಲ. ಇಂಥ ಕೇಸಿನಲ್ಲಿ ಎರಡು ತುದಿಯನ್ನೂ ಕೈಯಲ್ಲಿ ಹಿಡಿದಿರಬೇಕು ಎನ್ನುವುದು ನನ್ನ ಅಭಿಪ್ರಾಯ. ಒಂದು ತುದಿ ಆರ್‌ಸಿಯಲ್ಲಿ ಹೆಸರಿರುವ ಮಾಲೀಕ ಮತ್ತು ಅವನ ವಿಮಾ ಕಂಪನಿ. ದುಡ್ಡು ಬರುವುದು ಹೆಚ್ಚಾಗಿ ಅಲ್ಲಿಂದಲೇ. ಇನ್ನೊಂದು ತುದಿ, ಆ ಹೊತ್ತಿನಲ್ಲಿ ಯಂತ್ರ ಯಾರ ಮಾತಿನಂತೆ ಓಡುತ್ತಿತ್ತೋ ಅವರು. ಒಂದನ್ನು ಬಿಟ್ಟರೂ ಎದುರಿನವರು ಆ ಸಂದಿಯಲ್ಲೇ ನುಸುಳುತ್ತಾರೆ.

ಈ ಕೇಸಿನಲ್ಲಿ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಕತ್ತಲಾದ ಮೇಲೆ ಜೆಸಿಬಿ ರಸ್ತೆಯ ಅಂಚಿನಲ್ಲಿ ನಿಂತು ಚರಂಡಿ ಅಗೆಯುತ್ತಿತ್ತು. ಮಣ್ಣು ತೆಗೆದು ಪಕ್ಕಕ್ಕೆ ಸುರಿಯಲು ಹಿಂದಿನ ತೋಳು ತಿರುಗಿದಾಗ ಅದು ವಾಹನ ಓಡಾಡುವ ಜಾಗಕ್ಕೆ ಬಂತು. ಸ್ಕೂಟರ್‌ನಲ್ಲಿ ಹೋಗುತ್ತಿದ್ದ ನನ್ನ ಕಕ್ಷಿದಾರರ ಮೊಣಕಾಲಿಗೆ ಬಕೆಟ್ ಬಡಿಯಿತು. ಬ್ಯಾರಿಕೇಡ್ ಇರಲಿಲ್ಲ. ಬಾವುಟ ಹಿಡಿದು ನಿಲ್ಲುವವರೂ ಇರಲಿಲ್ಲ. ಯಂತ್ರದ ದೀಪ ಮಾತ್ರ ನೇರ ಸವಾರರ ಕಣ್ಣಿಗೆ ಹೊಡೆಯುತ್ತಿತ್ತು. ನನ್ನ ಕಕ್ಷಿದಾರರ ಕಸುಬು ಏಣಿ ಹತ್ತಿ ಮಾಡುವ ವೈರಿಂಗ್ ಕೆಲಸ.

ಪೊಲೀಸರ ಎಫ್‌ಐಆರ್‌ನಲ್ಲಿ ಇದ್ದದ್ದು "ಜೆಸಿಬಿ ಚಾಲಕ" ಮಾತ್ರ. ಚಾರ್ಜ್‌ಶೀಟ್ ಕೂಡ ಅವನೊಬ್ಬನ ಮೇಲೆಯೇ ಆಯಿತು. ಇದು ಮಾಮೂಲು. ಪೊಲೀಸರು ನೋಡುವುದು ಅಪರಾಧ, ನಾವು ಹುಡುಕುವುದು ಹೊಣೆ. ಹಾಗಾಗಿ ಚಾರ್ಜ್‌ಶೀಟ್‌ನಲ್ಲಿ ಹೆಸರಿಲ್ಲದವರನ್ನು ನಾವೇ ಹುಡುಕಬೇಕಾಯಿತು.

ಎಲ್ಲಕ್ಕಿಂತ ಮೊದಲು ಜಾಗಕ್ಕೆ ಹೋದೆ. ರಸ್ತೆ ಕೆಲಸದ ಜಾಗ ದಿನಕ್ಕೊಂದು ರೂಪ ತಾಳುತ್ತದೆ. ಗುಂಡಿ ಮುಚ್ಚುತ್ತದೆ, ಡಾಂಬರು ಬೀಳುತ್ತದೆ, ಇಲ್ಲದ ಬ್ಯಾರಿಕೇಡ್‌ಗಳು ದಿಢೀರ್ ಎಂದು ಹುಟ್ಟಿಕೊಳ್ಳುತ್ತವೆ. ಅಂಗಡಿಗಳ ಸಿಸಿಟಿವಿಯಲ್ಲಿ ಕೆಲವೇ ದಿನಗಳಲ್ಲಿ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ. ಫೋಟೋ ತೆಗೆಸಿ, ಸ್ಥಳ ಮಹಜರಿನ ನಕಾಶೆ ಜೊತೆ ಹೋಲಿಸಿ ನೋಡಿದೆ. ಯಂತ್ರ ನಿಂತಿದ್ದ ಜಾಗ ಮತ್ತು ತೋಳು ತಿರುಗುವ ಅಳತೆ ಮಹಜರಿನಲ್ಲಿ ಇರಲಿಲ್ಲ. ಅದನ್ನು ಫೋಟೋದಲ್ಲೇ ತೋರಿಸಬೇಕಾಯಿತು. ಸಿಸಿಟಿವಿ ತುಣುಕಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರಂತೆ ವಿದ್ಯುನ್ಮಾನ ಸಾಕ್ಷ್ಯಕ್ಕೆ ಬೇಕಾದ ಪ್ರಮಾಣಪತ್ರವನ್ನು ಅಂಗಡಿಯವರಿಂದ ಆಗಲೇ ಬರೆಸಿಕೊಂಡೆ. ಆಮೇಲೆ ಕೇಳಿದರೆ ಯಾರೂ ಕೋರ್ಟಿನ ತಂಟೆಗೆ ಬರುವುದಿಲ್ಲ.

ಇನ್ನು ಬಾಡಿಗೆ ಪತ್ರದ ಮಾತು. ದೊಡ್ಡ ಕ್ರೇನ್‌ಗಳಿಗೆ ಒಪ್ಪಂದ ಇರುತ್ತದೆ. ಜೆಸಿಬಿಗೆ ಬಹಳ ಸಲ ಇರುವುದಿಲ್ಲ, ಫೋನಿನಲ್ಲೇ ಮಾತು ಮುಗಿದಿರುತ್ತದೆ. ಇಲ್ಲೂ ಅಷ್ಟೇ. ಆದರೆ ಗಂಟೆ ಲೆಕ್ಕದ ಬಾಡಿಗೆ ಅಲ್ವಾ? ಗಂಟೆ ಲೆಕ್ಕ ಇಟ್ಟಲ್ಲಿ ಚೀಟಿ ಇರಲೇಬೇಕು. ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯಿತು, ಎಲ್ಲಿ ಕೆಲಸ, ಕೆಳಗೆ ಸೈಟ್ ಸೂಪರ್‌ವೈಸರ್ ಸಹಿ. ಸಹಿ ಇಲ್ಲದಿದ್ದರೆ ಮಾಲೀಕನಿಗೆ ಬಾಡಿಗೆ ಸಿಗುವುದಿಲ್ಲ, ಹಾಗಾಗಿ ಅವನು ಅದನ್ನು ಜೋಪಾನವಾಗಿ ಇಟ್ಟಿರುತ್ತಾನೆ. ನನ್ನ ಅನುಭವದಲ್ಲಿ ಇಂಥ ಕೇಸುಗಳಲ್ಲಿ ಈ ಚೀಟಿಯಷ್ಟು ಬೆಲೆಯುಳ್ಳ ಕಾಗದ ಇನ್ನೊಂದಿಲ್ಲ. ಆ ರಾತ್ರಿಯ ಚೀಟಿಯಲ್ಲಿ ಮುಖ್ಯ ಕಂಟ್ರಾಕ್ಟರ್‌ನ ಸೂಪರ್‌ವೈಸರ್ ಸಹಿ ಇತ್ತು. ಬಾಡಿಗೆಗೆ ತಂದಿದ್ದವನು ಸಬ್ ಕಂಟ್ರಾಕ್ಟರ್, ಕೆಲಸ ಮಾಡಿಸುತ್ತಿದ್ದವರು ಮುಖ್ಯ ಕಂಟ್ರಾಕ್ಟರ್. ಮಾಲೀಕನೇ ಇದನ್ನು ಖುಷಿಯಿಂದ ತಂದು ಕೊಟ್ಟ. ತನ್ನ ತಲೆಯ ಮೇಲಿನ ಭಾರ ಇಳಿಯುತ್ತದೆ ಅಂದುಕೊಂಡಿರಬೇಕು.

ಆ ಲೆಕ್ಕ ಅರ್ಧ ಸರಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 2(30) ಪ್ರಕಾರ ಮಾಲೀಕ ಅಂದರೆ ಆರ್‌ಸಿಯಲ್ಲಿ ಹೆಸರಿರುವವನು. ಗುತ್ತಿಗೆ ಅಥವಾ ಸಾಲದ ಒಪ್ಪಂದದ ಮೇಲೆ ವಾಹನ ಬೇರೆಯವರ ವಶದಲ್ಲಿದ್ದರೆ ಆ ವಶದಲ್ಲಿರುವವನು. 1997ರಲ್ಲಿ ಸುಪ್ರೀಂ ಕೋರ್ಟ್ ಕೈಲಾಶ್ ನಾಥ್ ಕೊಠಾರಿ ತೀರ್ಪಿನಲ್ಲಿ ಇನ್ನೂ ಮುಂದೆ ಹೋಯಿತು. ಅಲ್ಲಿ ಬಸ್ಸನ್ನು ಚಾಲಕನ ಸಮೇತ ರಾಜಸ್ಥಾನದ ಸಾರಿಗೆ ನಿಗಮ ಬಾಡಿಗೆಗೆ ಪಡೆದಿತ್ತು. ಚಾಲಕ ಯಾರ ಹತೋಟಿಯಲ್ಲಿದ್ದನೋ ಅವರ ಮೇಲೆ ಹೊಣೆ ಬೀಳುತ್ತದೆ ಎಂದಿತು ಕೋರ್ಟ್. ಹಾಗಂತ ಯಂತ್ರದ ವಿಮೆ ಮಾಡಿದ ಕಂಪನಿ ಕೈ ತೊಳೆದುಕೊಳ್ಳುವ ಹಾಗಿಲ್ಲ. 2011ರ ಕುಲ್ಸುಂ ತೀರ್ಪಿನಲ್ಲಿ, ಬಾಡಿಗೆಗೆ ಹೋದ ಬಸ್ಸಿನ ಜೊತೆ ಅದರ ವಿಮೆಯೂ ಹೋಗುತ್ತದೆ, ಪರಿಹಾರ ವಿಮಾ ಕಂಪನಿ ಕೊಡಬೇಕು ಎಂದು ಅದೇ ಕೋರ್ಟ್ ಹೇಳಿತು. ಎರಡು ತುದಿ ಎಂದೆನಲ್ಲ, ಅದಕ್ಕೆ ಆಧಾರ ಈ ಎರಡು ತೀರ್ಪು.

ಅದೇ ಕಾಯ್ದೆಯ ಸೆಕ್ಷನ್ 166ರಡಿ ಹಾಕಿದ ಪರಿಹಾರದ ಅರ್ಜಿಯಲ್ಲಿ ಆಪರೇಟರ್, ಮಾಲೀಕ, ವಿಮಾ ಕಂಪನಿ, ಸಬ್ ಕಂಟ್ರಾಕ್ಟರ್, ಮುಖ್ಯ ಕಂಟ್ರಾಕ್ಟರ್, ರಸ್ತೆಯ ಇಲಾಖೆ, ಎಲ್ಲರನ್ನೂ ಸೇರಿಸಿದೆ. ಕಂಟ್ರಾಕ್ಟರ್‌ನ ವಕೀಲರು ಎದ್ದು, ನಾವು ವಾಹನದ ಮಾಲೀಕರಲ್ಲ, ಈ ನ್ಯಾಯಮಂಡಳಿಗೆ ನಮ್ಮನ್ನು ಕರೆಯುವ ಅಧಿಕಾರವಿಲ್ಲ ಎಂದರು. ರೈಲ್ವೆ ಕೂಡ ಹಿಂದೆ ಹೀಗೇ ವಾದಿಸಿತ್ತು. ರೈಲ್ವೆ ಕ್ರಾಸಿಂಗ್‌ನಲ್ಲಿ ರೈಲು ವಾಹನಕ್ಕೆ ಬಡಿದ ಪ್ರಕರಣದಲ್ಲಿ, ವಾಹನದವರ ಜೊತೆ ಬೇರೆಯವರ ತಪ್ಪೂ ಸೇರಿದ್ದರೆ ಅವರನ್ನೂ ಇದೇ ನ್ಯಾಯಮಂಡಳಿಯಲ್ಲಿ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ತೀರ್ಮಾನಿಸಿದೆ. ಅದನ್ನು ಓದಿದ ಮೇಲೆ ಕಂಟ್ರಾಕ್ಟರ್ ಕಡೆಯ ವಾದ ಬಿದ್ದುಹೋಯಿತು. ಅಂದ ಹಾಗೆ, 2022ರ ಏಪ್ರಿಲ್ 1ರಿಂದ ಅರ್ಜಿ ಹಾಕಲು ಆರು ತಿಂಗಳ ಗಡುವು ಮತ್ತೆ ಬಂದಿದೆ. ಆಸ್ಪತ್ರೆಯಿಂದ ಬಂದ ಮೇಲೆ ನೋಡೋಣ ಎಂದು ಕೂರಬೇಡಿ.

ನಿಜವಾದ ಜಟಾಪಟಿ ನಡೆದದ್ದು ವಿಮಾ ಕಂಪನಿಯ ಜೊತೆ. ಮೊದಲು, ಇದು ವಾಹನವೇ ಅಲ್ಲ ಎಂದರು. ಇದು ಬೇಗ ಮುಗಿಯಿತು. ಕೇಂದ್ರ ಮೋಟಾರು ವಾಹನ ನಿಯಮಗಳ 2(ಸಿಎ)ನಲ್ಲಿ ನಿರ್ಮಾಣ ಯಂತ್ರಗಳ ವಿವರಣೆಯೇ ಇದೆ, ಹಿಂದೆ ಅಗೆಯುವ ತೋಳಿರುವ ಜೆಸಿಬಿಯಂಥ ಯಂತ್ರಕ್ಕೆ ಹೇಳುವ ಬ್ಯಾಕ್‌ಹೋ ಹೆಸರೂ ಇದೆ. ಅಗೆಯುವ ಯಂತ್ರ, ರೋಡ್ ರೋಲರ್ ಎರಡೂ ಮೋಟಾರು ವಾಹನ ಎಂದು ಸುಪ್ರೀಂ ಕೋರ್ಟ್ 2001ರ ಬೋಸ್ ಅಬ್ರಹಾಂ ತೀರ್ಪಿನಲ್ಲಿ ಹೇಳಿದೆ. ಅದು ಪ್ರವೇಶ ತೆರಿಗೆಯ ಕೇಸು, ಆದರೂ ಕೆಲಸಕ್ಕೆ ಬಂತು. ಮೇಲಾಗಿ ನಂಬರ್ ಪ್ಲೇಟ್ ನೋಡಿ ಮೋಟಾರು ಪಾಲಿಸಿ ಮಾರಿದವರೇ ಅವರು.

ಆಮೇಲೆ ಬಂದದ್ದು ಸ್ವಲ್ಪ ಗಟ್ಟಿ ವಾದ. ಯಂತ್ರ ಓಡುತ್ತಿರಲಿಲ್ಲ, ನಿಂತು ಅಗೆಯುತ್ತಿತ್ತು, ಅಂದರೆ ವಾಹನವಾಗಿ ಅಲ್ಲ, ಉಪಕರಣವಾಗಿ ಕೆಲಸ ಮಾಡುತ್ತಿತ್ತು. ಪಾಲಿಸಿಗೆ ಅಂಟಿಸಿದ್ದ ಐಎಂಟಿ 47 ಎಂಬ ಷರತ್ತನ್ನು ತೋರಿಸಿದರು. ಉಪಕರಣವಾಗಿ ಬಳಸುವಾಗ ಬರುವ ಹೊಣೆ ನಮ್ಮದಲ್ಲ ಎನ್ನುತ್ತದೆ ಅದು. ಅವರ ವಕೀಲರು ಓದಿದ್ದು ಅಷ್ಟೇ. ಅದೇ ಷರತ್ತಿನಲ್ಲಿ, ಮೋಟಾರು ವಾಹನ ಕಾಯ್ದೆಯ ಕಡ್ಡಾಯ ವಿಮೆಗೆ ಬೇಕಾದಷ್ಟನ್ನು ಬಿಟ್ಟು ಎಂಬ ಮಾತೂ ಇದೆ. ಕಡ್ಡಾಯ ವಿಮೆ ಅಂದರೆ ಸಾರ್ವಜನಿಕ ಸ್ಥಳದಲ್ಲಿ ವಾಹನದ ಬಳಕೆಯಿಂದ ಮೂರನೆಯವರಿಗೆ ಆಗುವ ಗಾಯಕ್ಕೆ ವಿಮೆ. ಜನ ಓಡಾಡುತ್ತಿದ್ದ ರಸ್ತೆ ಸಾರ್ವಜನಿಕ ಸ್ಥಳವೇ. ಕೆಲಸ ನಡೆಯುತ್ತಿದೆ ಎಂದು ಅದನ್ನು ಮುಚ್ಚಿರಲಿಲ್ಲ.

ಉಳಿದದ್ದು "ಬಳಕೆ" ಎಷ್ಟು ದೂರ ಹೋಗುತ್ತದೆ ಎನ್ನುವುದು. ಇಲ್ಲಿ ಶಿವಾಜಿ ದಯಾನು ಪಾಟೀಲ್ ತೀರ್ಪು ಕೈಹಿಡಿಯಿತು. 1987ರಲ್ಲಿ ಮಹಾರಾಷ್ಟ್ರದ ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರ್ ಒಂದು ಬೆಳಗಿನ ಜಾವ ಲಾರಿಗೆ ತಾಗಿ ಮಗುಚಿತ್ತು. ಅದು ಸ್ಫೋಟವಾದದ್ದು ಸುಮಾರು 4 ಗಂಟೆ ಕಳೆದ ಮೇಲೆ. ಟ್ಯಾಂಕರ್ ಅಷ್ಟು ಹೊತ್ತು ಬಿದ್ದೇ ಇತ್ತು. ಆದರೂ ಅದು ವಾಹನದ ಬಳಕೆಯಿಂದ ಆದ ಅಪಘಾತವೇ ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಿದ್ದ ಟ್ಯಾಂಕರೇ ಬಳಕೆಯಲ್ಲಿತ್ತು ಅಂದ ಮೇಲೆ ಎಂಜಿನ್ ಚಾಲೂ ಇಟ್ಟು ತೋಳು ತಿರುಗಿಸುತ್ತಿದ್ದ ಜೆಸಿಬಿ ಬಳಕೆಯಲ್ಲಿರಲಿಲ್ಲ ಎನ್ನುವುದು ಹೇಗೆ?

ಆಪರೇಟರ್‌ನ ಲೈಸೆನ್ಸ್ ಈ ಯಂತ್ರಕ್ಕೆ ಸಾಲದು ಎಂದೂ ತಕರಾರು ತೆಗೆದರು. ಅದರ ಮೇಲೆ ನಾನು ಜಾಸ್ತಿ ಹೊತ್ತು ಕಳೆಯಲಿಲ್ಲ. 2004ರ ಸ್ವರಣ್ ಸಿಂಗ್ ತೀರ್ಪಿನಿಂದ ದಾರಿ ಇದೆ. ಮಾಲೀಕ ಷರತ್ತು ಮುರಿದಿದ್ದಾನೆ ಎಂದು ಕಂಪನಿ ಸಾಬೀತು ಮಾಡಬೇಕು. ಮಾಡಿದರೂ ಮೊದಲು ಗಾಯಾಳುವಿಗೆ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಎಂದು ನ್ಯಾಯಮಂಡಳಿ ಹೇಳಬಹುದು.

ಕಂಟ್ರಾಕ್ಟರ್ ವಿರುದ್ಧದ ಸಾಕ್ಷ್ಯ ಸಿಕ್ಕಿದ್ದು ಮಾಹಿತಿ ಹಕ್ಕಿನಿಂದ. ಇಲಾಖೆಯಿಂದ ಕಾಮಗಾರಿ ಒಪ್ಪಂದದ ನಕಲು ತರಿಸಿದೆ. ಕೆಲಸದ ಜಾಗದಲ್ಲಿ ಸಂಚಾರ ಹೇಗೆ ಸಂಭಾಳಿಸಬೇಕು ಎನ್ನುವುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಎಸ್‌ಪಿ 55 ಎಂಬ ಮಾರ್ಗಸೂಚಿ ಇದೆ. ಒಪ್ಪಂದದಲ್ಲಿ ಅದನ್ನು ಪಾಲಿಸುವುದಾಗಿ ಕಂಟ್ರಾಕ್ಟರ್ ಒಪ್ಪಿಕೊಂಡಿದ್ದರು. ಪಾಟೀ ಸವಾಲಿನಲ್ಲಿ ಸೂಪರ್‌ವೈಸರ್‌ಗೆ ಗಂಟೆ ಚೀಟಿ ತೋರಿಸಿ ಸಹಿ ನಿಮ್ಮದೇ ಎಂದು ಕೇಳಿದೆ. ಹೌದು ಎಂದರು. ಮುಂಚೆಯೇ ಎಚ್ಚರಿಕೆ ಫಲಕ ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿದೆ. ಗೋದಾಮಿನಲ್ಲಿ ಇದ್ದವು ಎಂದರು. ಪಾಪ, ಸತ್ಯ ಹೇಳುವ ಮನುಷ್ಯ.

ಅದೇ ಒಪ್ಪಂದದಲ್ಲಿ, ಏನೇ ಆದರೂ ಕಂಟ್ರಾಕ್ಟರ್‌ದೇ ಹೊಣೆ, ಇಲಾಖೆಯದಲ್ಲ ಎಂಬ ಷರತ್ತೂ ಇತ್ತು. ಇಲಾಖೆಯವರು ಅದನ್ನೇ ಗುರಾಣಿ ಮಾಡಿಕೊಂಡರು. ಆ ಷರತ್ತು ಅವರಿಬ್ಬರ ನಡುವಿನದು, ಗಾಯಾಳುವನ್ನು ಅದು ಕಟ್ಟಿಹಾಕುವುದಿಲ್ಲ ಎಂದು ವಾದಿಸಿದೆ. ನ್ಯಾಯಮಂಡಳಿ ಒಪ್ಪಿತು, ಆದರೆ ಇಲಾಖೆಯ ನಿರ್ಲಕ್ಷ್ಯಕ್ಕೆ ಬೇರೆ ಸಾಕ್ಷ್ಯ ಸಾಲದು ಎಂದು ಅವರನ್ನು ಬಿಟ್ಟಿತು. ನನಗೆ ಈಗಲೂ ಅದು ಸರಿ ಎನಿಸುವುದಿಲ್ಲ.

ಗಾಯದ ಲೆಕ್ಕದಲ್ಲಿ 2010ರ ರಾಜ್ ಕುಮಾರ್ ತೀರ್ಪನ್ನು ಹಿಡಿದುಕೊಂಡೆ. ಡಾಕ್ಟರ್ ಕಾಲಿಗೆ ಎಷ್ಟು ಶೇಕಡಾ ಊನ ಎಂದು ಬರೆದರು ಎನ್ನುವುದಕ್ಕಿಂತ, ಆ ಊನದಿಂದ ಈ ಮನುಷ್ಯನ ದುಡಿಮೆ ಎಷ್ಟು ಹೋಯಿತು ಎಂದು ನೋಡಬೇಕು ಎನ್ನುತ್ತದೆ ಅದು. ಕುಳಿತು ಕೆಲಸ ಮಾಡುವವರಿಗೆ ಮೊಣಕಾಲು ಮಡಚದಿದ್ದರೆ ಹೇಗೋ ನಡೆಯುತ್ತದೆ. ಏಣಿ ಹತ್ತುವವರಿಗೆ ಕಸುಬೇ ಹೋದ ಹಾಗೆ. ಅವರ ಜೊತೆ ಕೆಲಸ ಮಾಡುತ್ತಿದ್ದವರನ್ನೇ ಸಾಕ್ಷಿ ಹಾಕಿದೆ.

ತೀರ್ಪಿನಲ್ಲಿ ಹೆಚ್ಚಿನ ಪಾಲು ಯಂತ್ರದ ಕಡೆಗೆ, ಅಂದರೆ ವಿಮಾ ಕಂಪನಿಗೆ ಬಂತು. ಉಳಿದದ್ದು ಮುಖ್ಯ ಕಂಟ್ರಾಕ್ಟರ್‌ಗೆ. ಇಬ್ಬರ ಹತ್ತಿರವೂ ಬೇರೆ ಬೇರೆಯಾಗಿ ವಸೂಲಿಗೆ ಓಡಾಡಬೇಕೇ ಎಂದು ಕಕ್ಷಿದಾರರು ಕೇಳಿದರು. ಬೇಕಿಲ್ಲ. 2015ರ ಖೆನ್ಯೇಯಿ ತೀರ್ಪಿನ ಪ್ರಕಾರ, ಇಬ್ಬರ ತಪ್ಪೂ ಸೇರಿ ಮೂರನೆಯವರಿಗೆ ಗಾಯವಾದರೆ ಪೂರ್ತಿ ಹಣವನ್ನು ಯಾರಾದರೂ ಒಬ್ಬರಿಂದ ಪಡೆಯಬಹುದು. ಪಾಲಿನ ಜಗಳ ಅವರವರದು. ನಾವು ವಿಮಾ ಕಂಪನಿಯಿಂದಲೇ ಪೂರ್ತಿ ಕೇಳಿದೆವು. ಕಂಟ್ರಾಕ್ಟರ್ ಪಾಲಿನ ವಸೂಲಿಗೆ ಕಂಪನಿ ಅವರ ಬೆನ್ನು ಹತ್ತಿದೆ. ಸಬ್ ಕಂಟ್ರಾಕ್ಟರ್ ಮತ್ತು ಯಂತ್ರದ ಮಾಲೀಕನ ನಡುವೆ ಆ ರಾತ್ರಿಯ ಬಾಡಿಗೆಯ ತಕರಾರು ಇನ್ನೂ ಮುಗಿದಿಲ್ಲವಂತೆ.