ಹೃದಯ ವೈಫಲ್ಯದ ಜೊತೆಗೆ ಬೇರೆ ಕಾಯಿಲೆಗಳೂ ಇರುವ ರೋಗಿಯ ಆರೈಕೆ ಹೇಗೆ?

ಹೃದಯ ವೈಫಲ್ಯ (ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಪಂಪ್ ಮಾಡಲಾರದ ಸ್ಥಿತಿ) ಒಂದೇ ಇದ್ದು ಬೇರಾವ ಕಾಯಿಲೆಯೂ ಇಲ್ಲದ ರೋಗಿಗಳು ಕಡಿಮೆ. ರಕ್ತದೊತ್ತಡ, ಮಧುಮೇಹ, ಮೂತ್ರಪಿಂಡದ ದೌರ್ಬಲ್ಯ, ರಕ್ತಹೀನತೆ, ಶ್ವಾಸಕೋಶದ ಹಳೆಯ ತೊಂದರೆ, ಇವುಗಳಲ್ಲಿ ಒಂದೆರಡು ಸಾಮಾನ್ಯವಾಗಿ ಜೊತೆಗಿರುತ್ತವೆ. ಒಂದೊಂದಕ್ಕೂ ಒಬ್ಬೊಬ್ಬ ತಜ್ಞರು ಬೇರೆ ಬೇರೆ ಚೀಟಿ ಬರೆದುಕೊಟ್ಟಾಗ, ಒಂದು ಕಾಯಿಲೆಗೆಂದು ಕೊಟ್ಟ ಮಾತ್ರೆ ಇನ್ನೊಂದನ್ನು ಕೆರಳಿಸುವ ಸಂಭವವಿದೆ. ಆದ್ದರಿಂದ ಎಲ್ಲ ಔಷಧಿಗಳನ್ನೂ ಒಟ್ಟಿಗೆ ಪರಿಶೀಲಿಸುವ ಒಬ್ಬ ವೈದ್ಯರನ್ನು ಗೊತ್ತುಮಾಡಿಕೊಳ್ಳುವುದೇ ಮೊದಲ ಕೆಲಸ. ಮಾತ್ರೆಯ ಹೆಸರು, ಪ್ರಮಾಣ, ಹೊತ್ತು, ಯಾವ ಕಾಯಿಲೆಗೆ ಯಾರು ಬರೆದದ್ದು ಎಂಬುದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದಿಟ್ಟು, ಯಾವ ವೈದ್ಯರ ಬಳಿಗೆ ಹೋದರೂ ಅದನ್ನು ತೋರಿಸಬೇಕು. ಚೀಟಿಯಿಲ್ಲದೆ ಕೊಂಡ ಮಾತ್ರೆಗಳೂ ಗಿಡಮೂಲಿಕೆಗಳೂ ಆ ಹಾಳೆಯಲ್ಲಿರಲಿ.

ಪ್ರತಿದಿನ ಬೆಳಿಗ್ಗೆ ಮೂತ್ರ ವಿಸರ್ಜನೆಯ ನಂತರ, ಏನನ್ನೂ ತಿನ್ನುವ ಮೊದಲು, ಒಂದೇ ಯಂತ್ರದಲ್ಲಿ ತೂಕ ನೋಡಿ ಬರೆದಿಡಬೇಕು. ಮೂರು ದಿನಗಳೊಳಗೆ ತೂಕ 2 ಕಿಲೋಗಿಂತ ಹೆಚ್ಚು ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದು ತಿಳಿದು ಅಂದೇ ವೈದ್ಯರಿಗೆ ತಿಳಿಸಬೇಕು. ಶ್ವಾಸಕೋಶದ ಕಾಯಿಲೆಯೂ ಇರುವವರಲ್ಲಿ ಏದುಸಿರು ಯಾವುದರಿಂದ ಬಂತೆಂದು ಹೇಳುವುದು ವೈದ್ಯರಿಗೂ ಸುಲಭವಲ್ಲ. ಅಂಥವರಿಗೆ ಈ ತೂಕದ ಲೆಕ್ಕ ಮತ್ತು ಕಾಲಿನ ಊತದ ವಿವರ ಬಹಳ ನೆರವಾಗುತ್ತವೆ.

ಹೆಚ್ಚು ಎಚ್ಚರ ಬೇಕಾದದ್ದು ಮೂತ್ರಪಿಂಡದ ವಿಷಯದಲ್ಲಿ. ರಾಮಿಪ್ರಿಲ್, ಸಕುಬಿಟ್ರಿಲ್-ವಾಲ್ಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ ಮುಂತಾದ ಔಷಧಿಗಳು ಹೃದಯವನ್ನು ಕಾಪಾಡುತ್ತವೆಯಾದರೂ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕುವ ತ್ಯಾಜ್ಯ; ಅದರ ಕೆಲಸವನ್ನು ಅಳೆಯಲು ನೋಡುವ ಅಂಶ) ಮತ್ತು ಪೊಟ್ಯಾಸಿಯಂ ಮಟ್ಟವನ್ನು ಏರಿಸಬಲ್ಲವು. ಆರಂಭದಲ್ಲಿ ಕ್ರಿಯಾಟಿನಿನ್ ತುಸು ಏರುವುದು ನಿರೀಕ್ಷಿತವೇ. ವರದಿ ನೋಡಿ ಗಾಬರಿಯಿಂದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಹೃದಯಕ್ಕೆ ಇದ್ದ ಆಸರೆ ತಪ್ಪುತ್ತದೆ. ಇಂಥ ಮಾತ್ರೆ ಆರಂಭಿಸಿದ ಅಥವಾ ಪ್ರಮಾಣ ಬದಲಿಸಿದ ಒಂದೆರಡು ವಾರಗಳಲ್ಲಿ ರಕ್ತಪರೀಕ್ಷೆ ಮಾಡಿಸಿ, ಮುಂದಿನ ತೀರ್ಮಾನವನ್ನು ವೈದ್ಯರಿಗೆ ಬಿಡುವುದು ಸರಿಯಾದ ದಾರಿ. ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ, ಆದರೆ ಅದರ ಬದಲಿಗೆಂದು ಮಾರುವ ಕಡಿಮೆ ಸೋಡಿಯಂನ ಉಪ್ಪನ್ನು ಕೇಳದೆ ಬಳಸಬಾರದು, ಏಕೆಂದರೆ ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ವಾಂತಿ ಭೇದಿಯಾಗಿ ಊಟ ಸೇರದ ದಿನಗಳಲ್ಲಿ ಈ ಮಾತ್ರೆಗಳನ್ನೂ ನೀರು ಹೊರಹಾಕುವ ಮಾತ್ರೆಗಳನ್ನೂ ಏನು ಮಾಡಬೇಕೆಂದು ಆರೋಗ್ಯವಾಗಿರುವಾಗಲೇ ಕೇಳಿ ಬರೆದುಕೊಂಡಿರಬೇಕು.

ಕೀಲುನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗುವ ಅಭ್ಯಾಸವನ್ನು ಬಿಡಲೇಬೇಕು. ಅವು ಉಪ್ಪು ಮತ್ತು ನೀರನ್ನು ದೇಹದಲ್ಲಿ ಹಿಡಿದಿಡುತ್ತವೆ, ಮೂತ್ರಪಿಂಡಕ್ಕೂ ಹಾನಿ ಮಾಡುತ್ತವೆ. ನೋವನ್ನು ಸಹಿಸಿಕೊಂಡಿರಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಬೇರೆ ಉಪಾಯಗಳಿವೆ, ವೈದ್ಯರನ್ನು ಕೇಳಿ.

ಮಧುಮೇಹವಿದ್ದರೆ ಪಯೋಗ್ಲಿಟಾಜೋನ್ ಬೇಡ, ಅದು ಊತವನ್ನು ಹೆಚ್ಚಿಸುತ್ತದೆ. ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಹೃದಯ, ಮೂತ್ರಪಿಂಡ, ಸಕ್ಕರೆ ಮೂರಕ್ಕೂ ಒದಗುವ ಔಷಧಿಗಳು. ಬಹಳ ಕಾಯಿಲೆಗಳಿರುವವರಿಗೆ ಮಾತ್ರೆಗಳ ಸಂಖ್ಯೆ ಹಿಗ್ಗದಂತೆ ನೋಡಿಕೊಳ್ಳಲು ಇವು ಸಹಾಯಕ. ಆದರೆ ಉಪವಾಸ, ಶಸ್ತ್ರಚಿಕಿತ್ಸೆಗಳ ಸಮಯದಲ್ಲಿ ಇವನ್ನು ನಿಲ್ಲಿಸಬೇಕಾಗಬಹುದು. ಶ್ವಾಸಕೋಶದ ದೀರ್ಘಕಾಲೀನ ಅಡಚಣೆಯ ಕಾಯಿಲೆ ಇದ್ದ ಮಾತ್ರಕ್ಕೆ ಬಿಸೊಪ್ರೊಲಾಲ್ ಅಥವಾ ಮೆಟೊಪ್ರೊಲಾಲ್ ಎಂಬ ಹೃದಯದ ಔಷಧಿಗಳಿಂದ (ಬೀಟಾ ಬ್ಲಾಕರ್‌ಗಳು) ರೋಗಿಯನ್ನು ವಂಚಿತಗೊಳಿಸಬೇಕಿಲ್ಲ; ಆಸ್ತಮಾದಲ್ಲಿ ಮಾತ್ರ ಹೆಚ್ಚಿನ ಜಾಗ್ರತೆ ಬೇಕು. ಸುಸ್ತು ಕಡಿಮೆಯಾಗದಿದ್ದರೆ ಹಿಮೋಗ್ಲೋಬಿನ್ ಸರಿಯಿದ್ದರೂ ದೇಹದಲ್ಲಿನ ಕಬ್ಬಿಣದ ಅಂಶವನ್ನು ತಿಳಿಸುವ ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಪರೀಕ್ಷೆ ಮಾಡಿಸಬೇಕು. ಕಬ್ಬಿಣದ ಕೊರತೆಯಿದ್ದಲ್ಲಿ ಮಾತ್ರೆಗಿಂತ ರಕ್ತನಾಳದ ಮೂಲಕ ಕೊಡುವ ಕಬ್ಬಿಣಾಂಶ ಹೆಚ್ಚು ಫಲಕಾರಿ.

ವಯಸ್ಸಾದವರಲ್ಲಿ ಕುಳಿತಾಗಿನ ಬಿಪಿಯ ಜೊತೆಗೆ ಎದ್ದು ನಿಂತಾಗಿನ ಬಿಪಿಯನ್ನೂ ನೋಡಬೇಕು. ತಲೆ ಸುತ್ತಿ ಬಿದ್ದು ಮೂಳೆ ಮುರಿದರೆ ಇಡೀ ಚಿಕಿತ್ಸೆಯೇ ಅಸ್ತವ್ಯಸ್ತವಾಗುತ್ತದೆ. ಮಲಗಿದರೆ ಉಸಿರು ಕಟ್ಟುವುದು, ನೊರೆ ಕಫ, ಎದೆನೋವು, ಪ್ರಜ್ಞೆ ತಪ್ಪುವುದು, ಇವುಗಳಲ್ಲಿ ಯಾವುದೊಂದು ಹೊಸದಾಗಿ ಕಂಡರೂ ಬೆಳಗಾಗಲೆಂದು ಕಾಯದೆ ಔಷಧಿಗಳ ಹಾಳೆಯೊಂದಿಗೆ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ಯಬೇಕು.