ಧೂಪದ ಉಂಡೆಯಿಂದ ಅಂಬರ್‌ನ ಕೀಟದವರೆಗೆ: ಮನೆಯಲ್ಲೊಂದು ಸಂಗ್ರಹ ಕಟ್ಟುವ ಬಗೆ

ಶಿವಮೊಗ್ಗದ ನೆಲವನ್ನು ಎಷ್ಟು ಆಳಕ್ಕೆ ಅಗೆದರೂ ಅಂಬರ್ ಸಿಗುವ ಸಂಭವವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಂಬರ್ ಎಂದರೆ ಮರದಿಂದ ಒಸರಿದ ಅಂಟು ಮಣ್ಣಿನಡಿ ಲಕ್ಷಾಂತರ, ಕೋಟ್ಯಂತರ ವರ್ಷ ಹೂತಿದ್ದು, ತನ್ನೊಳಗಿನ ಆವಿಯಾಗುವ ಅಂಶವನ್ನೆಲ್ಲ ಕಳೆದುಕೊಂಡು ಗಟ್ಟಿಯಾದ ವಸ್ತು. ನಮ್ಮ ಜಿಲ್ಲೆಯ ಬುಡದಲ್ಲಿರುವ ಧಾರವಾಡ ಶಿಲಾಸಮೂಹದ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ಭೂಮಿಯ ಮೇಲೆ ಮರಗಳು ಕಾಣಿಸಿಕೊಂಡು ಇನ್ನೂ 40 ಕೋಟಿ ವರ್ಷವೂ ಆಗಿಲ್ಲ. ಮರಕ್ಕಿಂತ ಹಿರಿಯದಾದ ಕಲ್ಲಿನಲ್ಲಿ ಮರದ ಅಂಟನ್ನು ಹುಡುಕಿ ಫಲವಿಲ್ಲ.

ಹಾಗಿದ್ದರೂ ಅಂಬರ್ ಏನೆಂಬುದನ್ನು ಕಲಿಯುವವರಿಗೆ ಮಲೆನಾಡು ಒಳ್ಳೆಯ ಪಾಠಶಾಲೆ. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್, ತಡಕೇಶ್ವರ ಮೊದಲಾದ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಗಳಲ್ಲಿ ಸಿಗುವ, 5 ಕೋಟಿ ವರ್ಷಗಳಿಗೂ ಹಳೆಯದಾದ ‘ಕ್ಯಾಂಬೇ ಅಂಬರ್’ ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನವು ಸುಮಾರು 150 ಕೆ.ಜಿ. ಅಂಬರನ್ನು ಸೋಸಿ, 700ಕ್ಕೂ ಹೆಚ್ಚು ಕೀಟ ಮತ್ತು ಜೇಡಗಳಂಥ ಸಂಧಿಪದಿಗಳನ್ನು ಗುರುತಿಸಿತು. ಅದರ ರಾಸಾಯನಿಕ ರಚನೆಯನ್ನು ನೋಡಿದಾಗ ತಿಳಿದದ್ದು, ಆ ಅಂಟನ್ನು ಸುರಿಸಿದ್ದು ಡಿಪ್ಟೆರೊಕಾರ್ಪ್ ಕುಟುಂಬದ ಮರಗಳು ಎಂದು. ಆಗುಂಬೆಯ ಕಾಡಿನಲ್ಲಿ ಇಂದಿಗೂ ನಿಂತಿರುವ, ಹಿಂದಿನವರು ರಸ್ತೆಯ ಇಕ್ಕೆಲಗಳಲ್ಲಿ ನೆರಳಿಗೆಂದು ನೆಟ್ಟ ಸಾಲುಧೂಪದ ಮರವೂ ಅದೇ ಕುಟುಂಬದ್ದು. ದೇವರ ಮುಂದೆ ಕೆಂಡಕ್ಕೆ ಹಾಕುವ ಧೂಪವನ್ನು ಅಂಬರ್‌ನ ಎಳೆಯ ದಾಯಾದಿ ಎಂದು ಕರೆದರೆ ಅದು ಬರಿಯ ಅಲಂಕಾರದ ಮಾತಾಗುವುದಿಲ್ಲ.

ಹೆಸರಿನ ಗೊಂದಲವೊಂದನ್ನು ಇಲ್ಲಿಯೇ ಬಗೆಹರಿಸಿಕೊಳ್ಳಬೇಕು. ಪತ್ರಿಕೆಗಳಲ್ಲಿ ಆಗಾಗ ‘ಅಂಬರ್ ಗ್ರೀಸ್ ವಶ’ ಎಂದು ಬರುವ ಸುದ್ದಿ ತಿಮಿಂಗಿಲದ ಕರುಳಿನಲ್ಲಿ ಉಂಟಾಗುವ ವಸ್ತುವಿನದು. ಅದರ ಮಾರಾಟ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ; ನಮ್ಮ ವಿಷಯಕ್ಕೂ ಅದಕ್ಕೂ ಸಂಬಂಧವಿಲ್ಲ. ಉಜ್ಜಿದರೆ ಹುಲ್ಲುಕಡ್ಡಿಯನ್ನು ಸೆಳೆಯುವುದರಿಂದ ಸಂಸ್ಕೃತದಲ್ಲಿ ಅಂಬರ್‌ಗೆ ತೃಣಮಣಿ ಎಂಬ ಹೆಸರಿದೆ. ಇಷ್ಟು ಚೆಂದದ ಮಾತು ನಮ್ಮ ಬಳಕೆಯಿಂದ ಜಾರಿಹೋದದ್ದು ಏಕೋ ತಿಳಿಯದು.

ಮೊದಲ ಹಂತ: ಧೂಪದ ಉಂಡೆಯಲ್ಲಿ ಕಣ್ಣು ಪಳಗಿಸುವುದು

ಅಂಬರ್ ಕೊಳ್ಳುವ ಮೊದಲು ಗ್ರಂದಿಗೆ ಅಂಗಡಿಯಿಂದ ಪುಡಿಮಾಡದ ರಾಳ ಮತ್ತು ಧೂಪದ ಉಂಡೆಗಳನ್ನು ಕಾಲು ಕಿಲೋದಷ್ಟು ತನ್ನಿ. ಒಡವೆ ಅಂಗಡಿಯವರು ಕಣ್ಣಿಗೆ ಹಿಡಿಯುವ, ಹತ್ತು ಪಟ್ಟು ಹಿಗ್ಗಿಸುವ ಲೂಪ್ ಒಂದನ್ನು ಕೊಂಡು, ಪ್ರತಿ ಉಂಡೆಯನ್ನೂ ಬೆಳಕಿಗೆ ಎದುರಾಗಿ ಹಿಡಿದು ನೋಡಿ. ತೊಗಟೆಯ ಚೂರು, ಮರದ ಹುಡಿ, ಗಾಳಿಗುಳ್ಳೆ, ಅದೃಷ್ಟವಿದ್ದರೆ ಒಂದೆರಡು ಇರುವೆಯ ಕಾಲುಗಳು ಕಾಣುತ್ತವೆ. ಅಂಟು ಒಮ್ಮೆಲೇ ಸುರಿಯುವುದಿಲ್ಲ. ಒಂದು ಪದರ ಇಳಿದು ಅರೆಗಟ್ಟಿಯಾದ ಮೇಲೆ ಇನ್ನೊಂದು ಇಳಿಯುತ್ತದೆ, ಆ ಎರಡರ ನಡುವೆ ಧೂಳು ಕೂರುತ್ತದೆ, ಹಾಗೆ ಕೂತ ಧೂಳಿನ ಗೆರೆಯೇ ಮುಂದೆ ಅಂಬರ್‌ನಲ್ಲಿ ಅಲೆಅಲೆಯಾದ ಹರಿವಿನ ಗೆರೆಯಾಗಿ ಉಳಿಯುತ್ತದೆ. ಒಂದು ತಿಂಗಳು ಈ ಉಂಡೆಗಳನ್ನು ನೋಡಿದವರಿಗೆ ನಿಜವಾದ ಅಂಬರ್ ಹೇಗಿರುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಮರದಿಂದ ನೇರವಾಗಿ ಅಂಟು ತೆಗೆಯುವ ಆಸೆಗೆ ಮಾತ್ರ ಹೋಗಬಾರದು. ಕಾಡಿನ ರಾಳ ಕಾನೂನಿನ ಪ್ರಕಾರ ಅರಣ್ಯ ಉತ್ಪನ್ನ. ಅಲ್ಲದೆ ಕಾಂಡಕ್ಕೆ ಕಚ್ಚು ಹಾಕಿ, ಬುಡಕ್ಕೆ ಬೆಂಕಿ ಕೊಟ್ಟು ರಾಳ ಇಳಿಸುವ ಪದ್ಧತಿಯಿಂದ ಪಶ್ಚಿಮಘಟ್ಟದ ಎಷ್ಟೋ ಧೂಪದ ಮರಗಳು ಸತ್ತಿವೆ.

ಎರಡನೆಯ ಹಂತ: ಯಾವ ಊರಿನ ಅಂಬರ್ ಎಂದು ನಿರ್ಧರಿಸುವುದು

ಹವ್ಯಾಸಿಗಳಿಗೆ ಎಟುಕುವಂಥವು ಮುಖ್ಯವಾಗಿ ಎರಡು. ಬಾಲ್ಟಿಕ್ ಸಮುದ್ರದ ದಂಡೆಯ ಅಂಬರ್‌ನ ವಯಸ್ಸು ಸುಮಾರು 3.4ರಿಂದ 4.8 ಕೋಟಿ ವರ್ಷ. ಅದು ಹೇರಳವಾಗಿ ಸಿಗುತ್ತದೆ, ಅದರ ಮೇಲೆ ನಡೆದಷ್ಟು ಅಧ್ಯಯನ ಬೇರಾವುದರ ಮೇಲೂ ನಡೆದಿಲ್ಲ, ಆದ್ದರಿಂದ ಹೊಸಬರು ಅದರಿಂದಲೇ ಆರಂಭಿಸುವುದು ಸೂಕ್ತ. ಡೊಮಿನಿಕನ್ ಗಣರಾಜ್ಯದ ಅಂಬರ್ 1.5ರಿಂದ 2 ಕೋಟಿ ವರ್ಷದ್ದು, ಹೆಚ್ಚು ತಿಳಿಯಾದದ್ದು. ಅದರಲ್ಲಿ ಮತ್ತೆ ಮತ್ತೆ ಸಿಗುವ ಜೇನೆಂದರೆ ಪ್ರೊಪ್ಲೆಬಿಯಾ ಡೊಮಿನಿಕಾನ ಎಂಬ, ಇಂದು ಅಳಿದುಹೋಗಿರುವ, ಮುಳ್ಳಿಲ್ಲದ ಜೇನು. ನಮ್ಮ ಮನೆಯ ಗೋಡೆಯ ಸಂದಿಯಲ್ಲಿ ಗೂಡು ಕಟ್ಟುವ ಮಿಸ್ರಿ ಜೇನನ್ನು ಬಲ್ಲವರಿಗೆ ಇದರ ಕಾರಣ ಹೊಳೆಯುತ್ತದೆ: ಗೂಡು ಮೆತ್ತಲು ಮರದ ಅಂಟನ್ನೇ ಹೊತ್ತು ತರುವ ಈ ಜಾತಿ, ಅಂಟಿನಲ್ಲಿ ಸಿಕ್ಕಿಬೀಳುವುದೂ ಹೆಚ್ಚು.

ಮ್ಯಾನ್ಮಾರ್‌ನ ಕಚಿನ್ ಪ್ರಾಂತ್ಯದ ಅಂಬರ್ ಇವೆರಡಕ್ಕಿಂತಲೂ ಹಳೆಯದು, 9.9 ಕೋಟಿ ವರ್ಷದ್ದು, ಅಂದರೆ ಡೈನೋಸಾರ್‌ಗಳ ಕಾಲದ್ದು. 2016ರಲ್ಲಿ ಜಗತ್ತಿನ ಗಮನ ಸೆಳೆದ, ಗರಿಗಳುಳ್ಳ ಪುಟ್ಟ ಡೈನೋಸಾರ್ ಬಾಲ ಅಲ್ಲಿಯ ಮಿಚಿನಾ ಪೇಟೆಯಲ್ಲಿ ಕೊಂಡ ತುಂಡಿನಲ್ಲಿತ್ತು. ಆದರೂ ಇದನ್ನು ಕೊಳ್ಳಬೇಡಿ ಎಂದೇ ನನ್ನ ಸಲಹೆ. ಗಣಿಗಳ ಪ್ರದೇಶ 2017ರಲ್ಲಿ ಸೇನೆಯ ವಶಕ್ಕೆ ಹೋದ ಮೇಲೆ, ಈ ವ್ಯಾಪಾರದ ಹಣ ಸಂಘರ್ಷಕ್ಕೆ ಸಲ್ಲುತ್ತಿದೆಯೆಂಬ ಕಾರಣಕ್ಕೆ ಕಶೇರುಕ ಪಳೆಯುಳಿಕೆ ತಜ್ಞರ ಅಂತರರಾಷ್ಟ್ರೀಯ ಸಂಘವೇ 2020ರಲ್ಲಿ ಅಂಥ ತುಂಡುಗಳ ಬಗ್ಗೆ ಪ್ರಬಂಧ ಪ್ರಕಟಿಸುವುದನ್ನು ತಡೆಹಿಡಿಯುವಂತೆ ವಿದ್ವತ್ಪತ್ರಿಕೆಗಳನ್ನು ಕೋರಿತು. ಗುಜರಾತಿನ ಅಂಬರ್ ನಮ್ಮದೇ ದೇಶದ್ದಾದರೂ ಅದಿರುವುದು ಕೆಲಸ ನಡೆಯುತ್ತಿರುವ ಗಣಿಗಳೊಳಗೆ. ಅನುಮತಿಯಿಲ್ಲದೆ ಅಲ್ಲಿ ಕಾಲಿಡುವುದು ಅಪಾಯಕಾರಿಯೂ ಹೌದು, ಕಾನೂನುಬಾಹಿರವೂ ಹೌದು.

ಮೂರನೆಯ ಹಂತ: ಒಳಸೆರೆಯನ್ನು ಓದುವುದು

ಅಂಬರ್‌ನೊಳಗೆ ಸಿಕ್ಕಿಕೊಂಡ ಜೀವಿಗೆ ಇಂಗ್ಲಿಷ್ ಬಲ್ಲವರು ಇನ್‌ಕ್ಲೂಷನ್ ಎನ್ನುತ್ತಾರೆ. ನಾನು ಒಳಸೆರೆ ಎನ್ನುತ್ತೇನೆ. ಬಾಲ್ಟಿಕ್ ಅಂಬರ್‌ನ ಒಳಸೆರೆಗಳಲ್ಲಿ ನೊಣ ಮತ್ತು ನುಸಿಗಳ ಗುಂಪಿನವೇ ಅರ್ಧಕ್ಕಿಂತ ಹೆಚ್ಚು. ಇರುವೆ, ಜೇಡ, ಜೀರುಂಡೆಗಳೂ ಸಿಗುತ್ತವೆ. ಹೂ ವಿರಳ; ಚೇಳು, ಹಲ್ಲಿ ಅತಿ ವಿರಳ. ಆದ್ದರಿಂದ ಅಗ್ಗದ ಬೆಲೆಗೆ ಇಡೀ ಹಲ್ಲಿಯನ್ನೋ ಹೆಬ್ಬೆರಳಿನ ಗಾತ್ರದ ಚೇಳನ್ನೋ ಯಾರಾದರೂ ತೋರಿಸಿದರೆ, ಅದನ್ನು ಪ್ಲಾಸ್ಟಿಕ್ ಎಂದು ತಿಳಿದು ಮುಂದೆ ನಡೆಯುವುದು ಕ್ಷೇಮ.

ನಕಲಿಯಲ್ಲಿ ಕೀಟ ತುಂಡಿನ ನಟ್ಟನಡುವೆ, ಆರೂ ಕಾಲನ್ನು ಚಾಚಿಕೊಂಡು, ಫೋಟೋಗೆ ಕುಳಿತ ಮದುಮಗನ ಹಾಗೆ ಇರುತ್ತದೆ. ನಿಜವಾದ ಒಳಸೆರೆಯಲ್ಲಿ ಒದ್ದಾಟದ ಗುರುತು ಇರುತ್ತದೆ: ರೆಕ್ಕೆ ಮಡಚಿಕೊಂಡಿರುತ್ತದೆ, ಒಂದು ಕಾಲು ಮುರಿದು ಪಕ್ಕದಲ್ಲಿ ತೇಲುತ್ತಿರುತ್ತದೆ, ದೇಹದ ಸುತ್ತ ಅಂಟಿನ ಹರಿವು ತಿರುಚಿಕೊಂಡಿರುತ್ತದೆ. ಬಾಲ್ಟಿಕ್ ಅಂಬರ್‌ಗೆ ಇನ್ನೆರಡು ಗುರುತುಗಳಿವೆ. ಕೀಟದ ಒಂದು ಮಗ್ಗುಲಿಗೆ ಹಾಲಿನ ಕೆನೆಯಂಥ ಬಿಳಿಯ ಲೇಪ ಅಂಟಿಕೊಂಡಿರುವುದುಂಟು. ಹೊಸಬರು ಅದನ್ನು ದೋಷವೆಂದು ತಿಳಿದು ಬಿಟ್ಟುಬಿಡುತ್ತಾರೆ, ವಾಸ್ತವದಲ್ಲಿ ಅದು ಅಸಲಿತನದ ಪರವಾದ ಸಾಕ್ಷಿ. ಎರಡನೆಯದು ಓಕ್ ಮರದ ನಕ್ಷತ್ರಾಕಾರದ ಸಣ್ಣ ರೋಮಗಳು. ಲೂಪಿನಲ್ಲಿ ಅವು ಪುಟ್ಟ ಚುಕ್ಕಿರಂಗೋಲಿಯಂತೆ ಕಾಣುತ್ತವೆ.

ಅಸಲಿ ಅಂಬರ್‌ಗೇ ಹೊಸ ಕೀಟವನ್ನು ತುರುಕುವ ಚಾಳಿ ಹಳೆಯದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ 1922ರಲ್ಲಿ ಪಡೆದ ಬಾಲ್ಟಿಕ್ ತುಂಡೊಂದರೊಳಗಿನ ನೊಣ, ಇಂದಿನ ಪಾಯಿಖಾನೆ ನೊಣವನ್ನೇ ಹೋಲುತ್ತಿದ್ದುದರಿಂದ, ಆ ಜಾತಿ ಕೋಟ್ಯಂತರ ವರ್ಷ ಬದಲಾಗದೆ ಉಳಿದದ್ದಕ್ಕೆ ಸಾಕ್ಷಿಯೆಂದು ವಿದ್ವಾಂಸರೇ ನಂಬಿದ್ದರು. 1993ರಲ್ಲಿ ಕೀಟ ಪಳೆಯುಳಿಕೆಗಳ ತಜ್ಞ ಆಂಡ್ರ್ಯೂ ರಾಸ್ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಿದ್ದಾಗ ದೀಪದ ಶಾಖಕ್ಕೆ ನೊಣದ ಸುತ್ತ ಬಿರುಕು ಕಾಣಿಸಿಕೊಂಡಿತು. ಯಾರೋ ತುಂಡನ್ನು ಎರಡಾಗಿ ಸೀಳಿ, ಒಂದು ಹೋಳಿನಲ್ಲಿ ಕುಳಿ ಕೊರೆದು, ನೊಣವನ್ನಿಟ್ಟು ಮತ್ತೆ ಬೆಸೆದಿದ್ದರು. ಆದ್ದರಿಂದ ತುಂಡನ್ನು ಎಲ್ಲ ಮಗ್ಗುಲಿನಿಂದಲೂ ತಿರುಗಿಸಿ ನೋಡಬೇಕು. ಗಾಳಿಗುಳ್ಳೆಗಳೆಲ್ಲ ಒಂದೇ ಸಮತಲದಲ್ಲಿ ಸಾಲುಗಟ್ಟಿದ್ದರೆ ಅಲ್ಲೊಂದು ಬೆಸುಗೆ ಇರಬಹುದು.

ತುಂಡಿನ ಮೇಲ್ಮೈ ಒರಟಾಗಿದ್ದು ಒಳಗೆ ಮಸುಕಾಗಿದ್ದರೆ ಅದನ್ನು ಗಾಜಿನ ಬಟ್ಟಲಿನಲ್ಲಿ ಆರಿದ ಗಟ್ಟಿ ಸಕ್ಕರೆ ಪಾಕದೊಳಗೆ ಮುಳುಗಿಸಿ ನೋಡಿ. ಪಾಕವು ಬೆಳಕನ್ನು ಬಾಗಿಸುವ ಪ್ರಮಾಣ ಅಂಬರ್‌ನದಕ್ಕೆ ಹತ್ತಿರವಿರುವುದರಿಂದ ಮೇಲ್ಮೈಯ ಗೀರುಗಳು ಮಾಯವಾಗಿ ಕೀಟ ನಿಚ್ಚಳವಾಗಿ ಕಾಣುತ್ತದೆ. ನೋಡಿದ ಮೇಲೆ ನೀರಿನಲ್ಲಿ ತೊಳೆದು ಒರೆಸಿಡಬೇಕು. ಇಲ್ಲವಾದರೆ ನಿಮ್ಮ ಅಂಬರ್‌ಗೆ ಹೊಸ ಇರುವೆಗಳು ಬರುತ್ತವೆ.

ನಾಲ್ಕನೆಯ ಹಂತ: ಪರೀಕ್ಷೆಗಳು

ಮೊದಲನೆಯದು ಉಪ್ಪುನೀರು. 200 ಮಿ.ಲೀ. ನೀರಿಗೆ ಸುಮಾರು 45 ಗ್ರಾಂ ಉಪ್ಪನ್ನು ಪೂರ್ತಿ ಕರಗಿಸಿ ತುಂಡನ್ನು ಬಿಟ್ಟರೆ ಅಂಬರ್ ತೇಲುತ್ತದೆ. ಗಾಜು, ಬೇಕಲೈಟ್, ಪಾಲಿಯೆಸ್ಟರ್, ಅಕ್ರಿಲಿಕ್ ಮುಳುಗುತ್ತವೆ. ಆದರೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ ಕೂಡ ತೇಲುವುದರಿಂದ ಮುಳುಗಿದ್ದು ಅಂಬರ್ ಅಲ್ಲ ಎಂದು ಹೇಳಬಹುದೇ ಹೊರತು ತೇಲಿದ್ದೆಲ್ಲ ಅಂಬರ್ ಎಂದು ಹೇಳಲಾಗದು. ಲೋಹದ ಕಟ್ಟು ಇರುವ ಒಡವೆಗೆ ಈ ಪರೀಕ್ಷೆ ಸಲ್ಲದು.

ತೇಲುವ ಇನ್ನೊಂದು ವಸ್ತು ಕೋಪಾಲ್. ಇದು ಕೆಲವು ನೂರರಿಂದ ಕೆಲವು ಸಾವಿರ ವರ್ಷದಷ್ಟೇ ಹಳೆಯದಾದ, ಇನ್ನೂ ಅಂಬರ್ ಆಗದ ಅಂಟು. ಕೊಲಂಬಿಯಾ ಮತ್ತು ಮಡಗಾಸ್ಕರ್‌ಗಳಿಂದ ಬರುತ್ತದೆ. ಇದರೊಳಗಿನ ಕೀಟಗಳು ನಿಜವಾದವು, ಸಹಜವಾಗಿ ಸಿಕ್ಕಿಬಿದ್ದವು. ವಯಸ್ಸು ಮಾತ್ರ ಸುಳ್ಳು. ನನಗಿದು ತಿಳಿದದ್ದು ಕೈಗೆ ಹಚ್ಚಿಕೊಂಡ ಸ್ಯಾನಿಟೈಸರ್‌ನಿಂದ. ಅಂಬರ್ ಎಂದು ಹೇಳಿ ಮಾರಿದ್ದ ತುಂಡನ್ನು ಒದ್ದೆ ಬೆರಳಿನಲ್ಲಿ ಎತ್ತಿಕೊಂಡಾಗ ಅದು ಜಿಗುಟಾಗಿ ಅಂಟಿತು. ಅಂದು ಬಿದ್ದ ನನ್ನ ಬೆರಳಚ್ಚು ಅದರ ಮೇಲೆ ಇಂದಿಗೂ ಇದೆ. ಅದೇ ಎರಡನೆಯ ಪರೀಕ್ಷೆ. ಉಗುರುಬಣ್ಣ ತೆಗೆಯುವ ಅಸಿಟೋನ್ ಒಂದು ಹನಿಯನ್ನು ತುಂಡಿನ ಕಾಣದ ಅಂಚಿಗೆ ಹಾಕಿ ಅರ್ಧ ನಿಮಿಷದ ನಂತರ ಮುಟ್ಟಬೇಕು. ಬಾಲ್ಟಿಕ್, ಡೊಮಿನಿಕನ್ ಅಂಬರ್‌ಗಳು ಮೆತ್ತಗಾಗುವುದಿಲ್ಲ, ಕೋಪಾಲ್ ಜಿಗುಟಾಗುತ್ತದೆ. ಕ್ಯಾಂಬೇ ಅಂಬರ್‌ಗೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ. ಧೂಪದ ಗುಣವನ್ನು ಬಿಡದ ಅದು ದ್ರಾವಕಗಳಲ್ಲಿ ಕರಗುತ್ತದೆ. ವಿಜ್ಞಾನಿಗಳು ಅದನ್ನು ಕರಗಿಸಿಯೇ ಒಳಗಿನ ಕೀಟವನ್ನು ಇಡಿಯಾಗಿ ಹೊರತೆಗೆದಿದ್ದಾರೆ.

ಅತಿನೇರಳೆ ಟಾರ್ಚ್ ಇದ್ದರೆ ಕತ್ತಲೆಯಲ್ಲಿ ಹಿಡಿದು ನೋಡಬಹುದು; ಅಂಬರ್ ನೀಲಿ ಅಥವಾ ಹಸಿರುಮಿಶ್ರಿತ ಬೆಳಕನ್ನು ಸೂಸುತ್ತದೆ. ಇದು ಪೂರಕ ಸಾಕ್ಷಿ ಮಾತ್ರ. ಕಾದ ಸೂಜಿ ಚುಚ್ಚಿ ವಾಸನೆ ನೋಡುವ ವಿಧಾನ ಬಹಳ ಪ್ರಸಿದ್ಧ, ಆದರೆ ಒಳಸೆರೆ ಇರುವ ತುಂಡಿಗೆ ಅದು ಬೇಡ.

ಐದನೆಯ ಹಂತ: ಉಜ್ಜುವುದು, ಚೀಟಿ ಬರೆಯುವುದು

ಒರಟು ತುಂಡನ್ನು ಉಜ್ಜಿ, ಒಳಗಿನ ಕೀಟ ಕಾಣುವಂತೆ ಕಿಟಕಿ ತೆರೆಯಲು 400, 800, 1200, 2000 ಸಂಖ್ಯೆಯ ನೀರುಕಾಗದಗಳು (ನೀರು ಹಾಕಿ ಉಜ್ಜುವ ಮರಳುಕಾಗದ) ಸಾಕು. ಕಾಗದವನ್ನು ಗಾಜಿನ ಮೇಲೆ ಹಾಸಿ, ನೀರು ಹನಿಸುತ್ತ, ತುಂಡನ್ನು ಕೈಯಲ್ಲೇ ಉಜ್ಜಬೇಕು. ಯಂತ್ರದ ಬಿಸಿಗೆ ಅಂಬರ್ ಬಿರಿಯುತ್ತದೆ. ಪ್ರತಿ ಇಪ್ಪತ್ತು ಸುತ್ತಿಗೊಮ್ಮೆ ಲೂಪ್ ಹಿಡಿದು ನೋಡಿ, ಕೀಟಕ್ಕೆ ಇನ್ನೂ ಒಂದು ಮಿಲಿಮೀಟರ್ ಇರುವಾಗಲೇ ನಿಲ್ಲಿಸಿ. ಕೊನೆಯ ಹೊಳಪಿಗೆ ಹತ್ತಿಬಟ್ಟೆ ಮತ್ತು ಬಿಳಿಯ ಟೂತ್‌ಪೇಸ್ಟ್ ಸಾಕಾಗುತ್ತದೆ.

ಪ್ರತಿ ತುಂಡಿಗೂ ಸಂಖ್ಯೆ ಕೊಟ್ಟು, ದೇಶ, ಗಣಿ ಅಥವಾ ದಂಡೆಯ ಹೆಸರು, ಕೊಂಡ ದಿನ, ಮಾರಿದವರು, ತೂಕ, ಅಳತೆ, ಮಾಡಿದ ಪರೀಕ್ಷೆ ಇವಿಷ್ಟನ್ನು ಪೆನ್ಸಿಲ್‌ನಿಂದ ಚೀಟಿಯಲ್ಲಿ ಬರೆದು ಜೊತೆಗಿಡಿ, ಇನ್ನೊಂದು ಪ್ರತಿಯನ್ನು ಪುಸ್ತಕದಲ್ಲಿ ಬರೆದಿಡಿ. ಊರು ತಿಳಿಯದ ಸುಂದರ ಜೇಡಕ್ಕಿಂತ ಊರು ತಿಳಿದ ಸಾಧಾರಣ ನುಸಿ ಮೇಲು. ಅದರಿಂದ ಒಂದು ಕಾಲದ ಕಾಡಿನ ಬಗ್ಗೆ ಏನನ್ನಾದರೂ ತಿಳಿಯಬಹುದು. ಬೇಟೆಯಾಡುತ್ತಿರುವ ಜೇಡ, ನೊಣದ ಮೈಗೆ ಅಂಟಿಕೊಂಡ ಉಣ್ಣೆಯಂಥ ಪುಟ್ಟ ಹುಳು, ಇಂಥ ಜೋಡಿ ಒಳಸೆರೆ ಕೈಗೆ ಬಂದರೆ ಉಜ್ಜುವ ಮೊದಲೇ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗದವರಿಗೆ ತೋರಿಸಿ. ಹೊಸ ಜಾತಿಯೆಂದು ಹೆಸರಿಸುವ ತುಂಡು ಸಾರ್ವಜನಿಕ ಸಂಗ್ರಹಾಲಯದಲ್ಲಿ ಇರಬೇಕೆಂಬುದು ವಿದ್ವಾಂಸರ ಪರಿಪಾಠ. ಅದನ್ನು ಬಿಟ್ಟುಕೊಡುವ ಮನಸ್ಸನ್ನು ಮೊದಲೇ ಮಾಡಿಕೊಂಡಿರಬೇಕು.

ಆರನೆಯ ಹಂತ: ಮಲೆನಾಡಿನ ಮಳೆಯಿಂದ ಕಾಯುವುದು

ಅಂಬರ್‌ನ ಶತ್ರುಗಳು ಗಾಳಿಯ ಆಮ್ಲಜನಕ, ಬಿಸಿಲು, ಮತ್ತು ತೇವಾಂಶದ ಏರಿಳಿತ. ನಮ್ಮಲ್ಲಿ ಆಷಾಢದಲ್ಲಿ ಗೋಡೆಯೇ ಬೆವರುತ್ತದೆ, ಮಾಘದಲ್ಲಿ ಮರದ ಬಾಗಿಲು ಬಿರಿಯುತ್ತದೆ. ಈ ಎಳೆದಾಟಕ್ಕೆ ಅಂಬರ್‌ನ ಮೈಮೇಲೆ ಬಲೆಯಂಥ ಸಣ್ಣ ಬಿರುಕುಗಳೇಳುತ್ತವೆ. ಸಂಗ್ರಹಾಲಯಗಳು ಬೆಲೆಬಾಳುವ ತುಂಡುಗಳನ್ನು ಎಪಾಕ್ಸಿ ಎಂಬ, ಗಟ್ಟಿಯಾಗುವ ಕೃತಕ ಅಂಟಿನಲ್ಲಿ ಹುದುಗಿಸಿ ಇದನ್ನು ತಡೆಯುತ್ತವೆ. ಮನೆಯಲ್ಲಿ ಪ್ರತಿ ತುಂಡನ್ನು ಜಿಪ್ ಇರುವ ಪಾಲಿಥೀನ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಜೊತೆಗೊಂದು ಸಣ್ಣ ತೇವಾಂಶಮಾಪಕವನ್ನೂ ಇಡುವುದು ಸಾಕು. ಮಾಪಕ 50ರ ಆಸುಪಾಸಿನಲ್ಲಿರಲಿ. 60 ದಾಟಿದರೆ ಸಿಲಿಕಾ ಜೆಲ್‌ನ ಒಂದು ಪೊಟ್ಟಣ ಸೇರಿಸಿ, 40ಕ್ಕೆ ಇಳಿದರೆ ತೆಗೆಯಿರಿ.

ಡಬ್ಬಿಯನ್ನು ಹೊರಗೋಡೆಗೆ ತಾಗದ ಬೀರುವಿನಲ್ಲಿಡಬೇಕು. ಬೆಚ್ಚಗಿರುತ್ತದೆಂದು ಒಲೆಯ ಮೇಲಿನ ಅಟ್ಟದಲ್ಲಿಡುವ ನಮ್ಮ ಹಳೆಯ ಅಭ್ಯಾಸ ಅಡಿಕೆಗೆ ಸರಿ, ಅಂಬರ್‌ಗೆ ಸಲ್ಲದು. ನುಸಿಗುಳಿಗೆ, ಕರ್ಪೂರ, ಅತ್ತರುಗಳು ಹತ್ತಿರ ಸುಳಿಯಬಾರದು. ದೀಪಾವಳಿಯ ಹೊತ್ತಿಗೆ ಮಳೆ ಹಿಂದೆಗೆದ ಮೇಲೆ ಒಮ್ಮೆ ಡಬ್ಬಿ ತೆರೆದು, ಪ್ರತಿ ತುಂಡನ್ನೂ ಲೂಪಿನಲ್ಲಿ ನೋಡಿ, ಮೈ ಮಬ್ಬಾಗಿದ್ದರೆ ಆ ದಿನಾಂಕವನ್ನು ಚೀಟಿಯಲ್ಲಿ ಬರೆಯಿರಿ. ಬಿರುಕು ಎದ್ದಿದ್ದರೆ 2000 ಸಂಖ್ಯೆಯ ನೀರುಕಾಗದದಲ್ಲಿ ಮೆಲ್ಲಗೆ ಒಂದು ಪದರ ಇಳಿಸಬಹುದು, ಆದರೆ ಹಾಗೆ ಇಳಿಸಿದಷ್ಟೂ ಒಳಗಿನ ಕೀಟಕ್ಕೆ ಹತ್ತಿರವಾಗುತ್ತೀರಿ.