22 ಹಾಳೆ, ಒಂದು ಹಗ್ಗ

ಚಿತ್ರದುರ್ಗದಲ್ಲಿ ನಾವೊಂದಿಷ್ಟು ಜನ ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಹೆಸರಿಲ್ಲದ ಕೂಟ. ನೋಂದಣಿ ಇಲ್ಲ, ಬ್ಯಾನರ್ ಇಲ್ಲ, ಹಾರ ತುರಾಯಿಯಂತೂ ಇಲ್ಲವೇ ಇಲ್ಲ. ವಿಜ್ಞಾನದ ಬಗ್ಗೆ ಯಾರ ತಲೆಯಲ್ಲಿ ಏನು ಕೊರೆಯುತ್ತಿದೆಯೋ ಅದನ್ನು ಬರೆದು ತರಬೇಕು, ಓದಬೇಕು, ಉಳಿದವರು ಅದರ ಮೇಲೆ ಮಾತಾಡಬೇಕು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವನು ಅನ್ನುವ ಒಂದೇ ಕಾರಣಕ್ಕೆ ಬರಹಗಳನ್ನು ಮೊದಲು ನೋಡಿ, ಯಾವುದನ್ನು ಎಷ್ಟು ಓದಿಸಬೇಕು ಎಂದು ತೀರ್ಮಾನಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಮೊದಮೊದಲು ಅದೊಂದು ಕೆಲಸ ಅಂತಲೇ ಅನ್ನಿಸಿರಲಿಲ್ಲ. ಅರ್ಧ ಹಾಳೆಯ ಪ್ರಶ್ನೆಗಳು ಬರುತ್ತಿದ್ದವು. ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ಕಂಬದ ನೆರಳು ಎಲ್ಲಿ ಹೋಗುತ್ತದೆ, ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳಿಗೆ ಮೂರೇ ರೆಕ್ಕೆ ಯಾಕೆ, ಇಂಥವು. ಆಮೇಲೆ ಒಂದು ದಿನ 22 ಹಾಳೆಯ ಬರಹ ಬಂತು.

ತಂದವರು ನಿವೃತ್ತ ಎಂಜಿನಿಯರ್, ವಯಸ್ಸಿನಲ್ಲಿ ನನಗಿಂತ ಹಿರಿಯರು. ಮೋಟಾರು ಡೈನಮೋವನ್ನು ತಿರುಗಿಸುತ್ತದೆ, ಡೈನಮೋದ ಕರೆಂಟು ಮತ್ತೆ ಮೋಟಾರಿಗೇ ಹೋಗುತ್ತದೆ, ಮಿಕ್ಕಿದ್ದರಲ್ಲಿ ಮನೆಯ ದೀಪ ಉರಿಯುತ್ತದೆ. ಇದು ಬರಹದ ತಿರುಳು. ಇದನ್ನು ಹೇಳುವುದಕ್ಕೆ ಋಗ್ವೇದದಿಂದ ಹೊರಟು, ನ್ಯೂಟನ್ನನನ್ನು ಹಾದು, ಹದಿನೆಂಟನೇ ಹಾಳೆಯಲ್ಲಿ ಮೋಟಾರಿಗೆ ಬಂದಿದ್ದರು. ನಾನು ಹುಂಬನ ಹಾಗೆ ಇಡೀ ಬರಹ ಓದಿಸಿದೆ. ಒಂದು ಗಂಟೆ ಹತ್ತು ನಿಮಿಷ. ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನವರು ಟೀ ಕುಡಿಯುವ ನೆಪದಲ್ಲಿ ಹೋಗಿಬಿಟ್ಟಿದ್ದರು. ಉತ್ತರ ಬರೆಯಲು ಕೂತವರ ಪಾಡು ಇನ್ನೂ ಕೆಟ್ಟದ್ದು. ತಪ್ಪು ಮಾತನ್ನು ಬರೆಯಲು ಒಂದು ಸಾಲು ಸಾಕು, ಅದು ಯಾಕೆ ತಪ್ಪು ಅಂತ ಬಿಡಿಸಿ ಹೇಳಲು ಒಂದು ಹಾಳೆ ಬೇಕು. 22 ಹಾಳೆಗೆ ಲೆಕ್ಕ ಹಾಕಿ ನೋಡಿ.

ಮುಂದಿನ ತಿಂಗಳೇ ನಿಯಮ ಮಾಡಿದೆ: ಎರಡು ಹಾಳೆ ಮೀರುವಂತಿಲ್ಲ. ಜನ ಇರುವೆ ಸಾಲಿನಂಥ ಅಕ್ಷರದಲ್ಲಿ, ಅಂಚೂ ಬಿಡದೆ ಬರೆದು ತಂದರು. ನಿಯಮ ಬದಲಿಸಿ ಏಳು ನಿಮಿಷ ಎಂದೆ. ಸಮಯ ಮುಗಿದಾಗ ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿಯುವುದು. ಎಂಜಿನಿಯರಿಗೆ ಸಿಟ್ಟು ಬಂತು. "ದೊಡ್ಡ ವಿಷಯಕ್ಕೆ ದೊಡ್ಡ ಬರಹವೇ ಬೇಕಾಗುತ್ತೆ ಸಾರ್" ಎಂದರು. ನಾನು ಜಾಣತನ ತೋರಿಸಲು ಹೋದೆ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆಯನ್ನು ‘ನೇಚರ್’ ಪತ್ರಿಕೆಯ ಒಂದು ಪುಟದ ಮೇಲೆ ಚೂರಿನಲ್ಲಿ ಹೇಳಿದರು. ಬಿಳಿ ಕುಬ್ಜ, ಅಂದರೆ ಉರಿದು ಮುಗಿದ ನಕ್ಷತ್ರದ ಪುಟ್ಟ ಉಳಿಕೆ, ಎಷ್ಟು ಭಾರವಿರಬಲ್ಲದು ಎಂಬುದರ ಮೇಲೆ ಖಗೋಳವಿಜ್ಞಾನಿ ಚಂದ್ರಶೇಖರ್ 1931ರಲ್ಲಿ ಪ್ರಕಟಿಸಿದ ಟಿಪ್ಪಣಿ ಎರಡೇ ಪುಟ ಎಂದೆ. ಅವರು ಕೂತಲ್ಲಿಂದಲೇ ಕೇಳಿದರು: "ಗಣಿತದಲ್ಲಿ ಫರ್ಮಾನ ಕೊನೆಯ ಪ್ರಮೇಯಕ್ಕೆ ವೈಲ್ಸ್ ಕೊಟ್ಟ ಸಾಬೀತು ಎಷ್ಟು ಪುಟ?" ನೂರು ದಾಟುತ್ತದೆ. ಆ ದಿನ ವಾದದಲ್ಲಿ ಗೆದ್ದವರು ಅವರೇ, ಒಪ್ಪಿಕೊಳ್ಳಬೇಕು. ಚಂದ್ರಶೇಖರರ ಎರಡು ಪುಟ ಓದಿದವರಿಗೆ ಅರ್ಧ ವಿಷಯ ಮೊದಲೇ ಗೊತ್ತಿತ್ತು. ನಮ್ಮ ಕೂಟದಲ್ಲಿ ಒಂಬತ್ತನೇ ಕ್ಲಾಸಿನ ಹುಡುಗನೂ ಇದ್ದಾನೆ, ಕಿರಾಣಿ ಅಂಗಡಿಯವರೂ ಇದ್ದಾರೆ.

ಹಾಗಾಗಿ ಉದ್ದವನ್ನು ಅಳೆಯುವುದು ಬಿಟ್ಟು, ಉದ್ದ ಯಾಕಾಯಿತು ಅಂತ ನೋಡಲು ಶುರುಮಾಡಿದೆ. ಈಗ ಯಾವ ಬರಹ ಬಂದರೂ ಕೊನೆಯ ಹಾಳೆಯನ್ನು ಮೊದಲು ಓದುತ್ತೇನೆ. ನಮ್ಮ ಜನ ಮನೆಗೆ ಬಂದು ಕೂತು, ಮಳೆ ಬೆಳೆ ಮಾತಾಡಿ, ಚಪ್ಪಲಿ ಮೆಟ್ಟುವಾಗ ಬಂದ ಕೆಲಸ ಹೇಳುವವರು. ಬರಹದಲ್ಲೂ ಹಾಗೇ. ಅಸಲು ಪ್ರಶ್ನೆ ಬಾಗಿಲ ಹತ್ತಿರ ಇರುತ್ತದೆ. ಅದನ್ನು ಎತ್ತಿ ಮೊದಲ ಹಾಳೆಯ ತಲೆಗೆ ಪೆನ್ಸಿಲಿನಲ್ಲಿ ಬರೆದು, ಬರೆದವರ ಎದುರು ಕೂತು "ನೀವು ಕೇಳ್ತಿರೋದು ಇದೇನಾ?" ಅನ್ನುತ್ತೇನೆ. ಎಷ್ಟೋ ಸಲ ಅಲ್ಲ ಅನ್ನುತ್ತಾರೆ, ಆಗ ಅವರ ಬಾಯಿಂದಲೇ ಸರಿಯಾದ ಸಾಲು ಬರುತ್ತದೆ. ಪೆನ್ನು ಹಿಡಿಯುವುದಿಲ್ಲ. ಪೆನ್ಸಿಲಾದರೆ ಅಳಿಸಬಹುದು ಅನ್ನುವುದು ಇಬ್ಬರಿಗೂ ಗೊತ್ತಿರುತ್ತದೆ.

2023ರ ಆಗಸ್ಟ್ 23ಕ್ಕೆ ಚಂದ್ರಯಾನ-3 ಇಳಿಯಿತಲ್ಲ, ಆಮೇಲಿನ ಭಾನುವಾರ ಬರಹಗಳ ರಾಶಿ. ಬಹುಪಾಲು ಪತ್ರಿಕೆಗಳಿಂದ ಇಳಿಸಿಕೊಂಡದ್ದು. ಇಂಥವನ್ನು ತಿದ್ದಲು ಹೋಗುವುದಿಲ್ಲ. ಹಾಳೆಯನ್ನು ಬೋರಲು ಹಾಕಿ "ಈಗ ಬಾಯಲ್ಲಿ ಹೇಳಪ್ಪ" ಅನ್ನುತ್ತೇನೆ, ತನ್ನದು ಎಷ್ಟೋ ಅಷ್ಟು ಉಳಿಯುತ್ತದೆ. ಚಳ್ಳಕೆರೆ ಕಡೆಯ ಹುಡುಗನೊಬ್ಬ ಆರು ಹಾಳೆ ತಂದಿದ್ದ, ಐದೂವರೆ ಹಾಳೆ ಎಲ್ಲರಿಗೂ ಗೊತ್ತಿದ್ದದ್ದೇ. ನಾಲ್ಕನೇ ಹಾಳೆಯ ಮಧ್ಯದಲ್ಲಿ ಮಾತ್ರ, ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಗುಂಡಿ ತೋಡಿದ್ದರೆಂದೂ, ಕುರಿ ಕಾಯುವ ಅಜ್ಜಿ ಅದನ್ನು ಕೃಷಿಹೊಂಡ ಅಂದುಕೊಂಡಿದ್ದಳೆಂದೂ ಒಂದು ಸಾಲು. ಇಸ್ರೋದವರು ಲ್ಯಾಂಡರಿನ ಸಂವೇದಕಗಳನ್ನು ವಿಮಾನದಲ್ಲಿಟ್ಟು ಆ ಗುಂಡಿಗಳ ಮೇಲೆ ಹಾರಿಸಿ ಪರೀಕ್ಷಿಸಿದ್ದು ನಿಜವೇ. ಆ ಸಾಲನ್ನು ಮೊದಲಿಗೆ ತಂದು ಅಲ್ಲಿಂದ ಓದಿಸಿದೆ. ಕೂಟದಲ್ಲಿ ಅಷ್ಟು ಪ್ರಶ್ನೆ ಹುಟ್ಟಿದ ದಿನ ಇನ್ನೊಂದಿಲ್ಲ.

ಮುಟ್ಟಲೇಬಾರದ ಉದ್ದವೂ ಇದೆ. ಭೂವಿಜ್ಞಾನ ಓದುವ ಹುಡುಗಿಯೊಬ್ಬಳು ಐಮಂಗಲದ ಹತ್ತಿರದ ಮರಡಿಹಳ್ಳಿಯ ದಿಂಬುಲಾವಾ ಬಗ್ಗೆ 14 ಹಾಳೆ ಬರೆದಿದ್ದಳು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಕಾದ ಲಾವಾ ನೀರಿನೊಳಗೆ ಉಕ್ಕಿದಾಗ ಮೇಲ್ಪದರ ಕ್ಷಣದಲ್ಲಿ ಹೆಪ್ಪುಗಟ್ಟುತ್ತದೆ, ಒಳಗಿನದು ಇನ್ನೂ ಹರಿಯುತ್ತಾ ಉಬ್ಬುತ್ತದೆ, ಒಂದರ ಮೇಲೊಂದು ದಿಂಬು ಒಟ್ಟಿದ ಹಾಗೆ ಕೂರುತ್ತದೆ. ಅಂದರೆ ಮಳೆಗಾಗಿ ಮುಗಿಲು ನೋಡುವ ನಮ್ಮ ಜಿಲ್ಲೆಯ ಆ ಜಾಗ ಒಂದು ಕಾಲದಲ್ಲಿ ನೀರಿನಡಿ ಇತ್ತು. ಈ ಮಾತಿಗೆ ಅವಳು ಹತ್ತಿದ ಮೆಟ್ಟಿಲುಗಳಲ್ಲಿ ಒಂದನ್ನು ಕಿತ್ತರೂ ಮುಂದಿನದು ನಿಲ್ಲುತ್ತಿರಲಿಲ್ಲ. ನಾನೇ ಎರಡು ದಿನ ಪೆನ್ಸಿಲ್ ಹಿಡಿದು ಕೂತು ಸೋತೆ. ಎರಡು ಭಾನುವಾರಕ್ಕೆ ಹಂಚಿದೆವು. ಮೊದಲ ಕಂತು ಕೇಳಿ ಎರಡನೆಯದಕ್ಕೆ ಬರದವರಿಗೂ ಏನಾದರೂ ದಕ್ಕಬೇಕು ಎಂಬ ಒಂದೇ ಷರತ್ತು.

ಎಂಜಿನಿಯರ್ ವಿಷಯಕ್ಕೆ ಬರುತ್ತೇನೆ. ಇಂಥ ನಿತ್ಯಚಲನ ಯಂತ್ರದ, ಅಂದರೆ ಹೊರಗಿನ ಶಕ್ತಿಯಿಲ್ಲದೆ ಸದಾ ನಡೆಯುವ ಯಂತ್ರದ, ಪ್ರಸ್ತಾವಗಳನ್ನು ಇನ್ನು ನೋಡುವುದೇ ಇಲ್ಲ ಎಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲೇ ತೀರ್ಮಾನ ಮಾಡಿಬಿಟ್ಟಿತ್ತು. ನಮ್ಮಲ್ಲೂ ಕೆಲವರು ಹಾಗೇ ಮಾಡೋಣ ಎಂದರು. ನನಗೆ ಮನಸ್ಸು ಬರಲಿಲ್ಲ. ಅಕಾಡೆಮಿಗೆ ಬೇರೆ ಕೆಲಸವಿತ್ತು, ನಮಗೇನಿತ್ತು? ಅವರ ಮನೆಗೆ ಹೋಗಿ ಕೇಳಿದೆ: "ಸಾರ್, 22 ಹಾಳೆಯಲ್ಲಿ ಯಾವ ಒಂದು ಮಾತು ಸುಳ್ಳಾದರೆ ಉಳಿದದ್ದನ್ನೂ ವಾಪಸ್ ತಗೋತೀರಿ?" ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಹತ್ತೊಂಬತ್ತನೇ ಹಾಳೆಯ ಒಂದು ಸಾಲಿನ ಮೇಲೆ ಬೆರಳಿಟ್ಟರು: ಡೈನಮೋ ಕೊಡುವ ವ್ಯಾಟ್ ಮೋಟಾರು ತಿನ್ನುವ ವ್ಯಾಟಿಗಿಂತ ಹೆಚ್ಚು. ಸರಿ, ಅದನ್ನೊಂದೇ ಕೂಟಕ್ಕೆ ತನ್ನಿ, ಎರಡು ಕಡೆಗೂ ಮೀಟರ್ ಹಾಕೋಣ ಎಂದೆ. ತಂದರು. ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದು ಕಡಿಮೆಯೇ ಇತ್ತು. "ಬೆಲ್ಟು ಜಾರ್ತಾ ಐತೆ" ಎಂದರು. ಇವತ್ತಿಗೂ ಬೆಲ್ಟು ಬದಲಿಸುತ್ತಲೇ ಇದ್ದಾರೆ. ಆದರೆ ಚರ್ಚೆ ಹತ್ತು ನಿಮಿಷಕ್ಕೆ ಮುಗಿಯಿತು, ಅಲ್ಲಿದ್ದ ಹುಡುಗರಿಗೆ ಶಕ್ತಿ ಸಂರಕ್ಷಣೆ, ಅಂದರೆ ಶಕ್ತಿ ಹೊಸದಾಗಿ ಹುಟ್ಟುವುದಿಲ್ಲ ಅನ್ನುವುದು, ಏನೆಂದು ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದದ್ದಕ್ಕಿಂತ ಚೆನ್ನಾಗಿ ತಿಳಿಯಿತು.

ಈಗ ನಾನು ಮಾಡಿದ ತಪ್ಪು. ಹಿರಿಯೂರು ಕಡೆಯ ರೈತರೊಬ್ಬರು ತಮ್ಮ ತೆರೆದ ಬಾವಿಯ ಬಗ್ಗೆ 17 ಹಾಳೆ ಬರೆದು ಬಸ್ಸಿನಲ್ಲಿ ಕಳಿಸಿದ್ದರು. ಮೊದಲ ಎರಡು ಹಾಳೆ ಗಂಗಾಮಾತೆಯ ಮಹಿಮೆ, ಜಲವೇ ಜೀವನ ಇತ್ಯಾದಿ. ಉಳಿದ ಹದಿನೈದರಲ್ಲಿ ಪ್ರತಿ ಅಮಾವಾಸ್ಯೆಗೆ ಕಲ್ಲು ಕಟ್ಟಿದ ಹಗ್ಗ ಇಳಿಸಿ ನೀರು ಎಷ್ಟು ಮೊಳಕ್ಕೆ ಸಿಕ್ಕಿತು ಎಂಬ ಲೆಕ್ಕ, ತಿಂಗಳು ತಿಂಗಳೂ, ಒಂದೇ ಥರದ ಸಾಲು. ಪುನರಾವರ್ತನೆ ಅಂದುಕೊಂಡೆ. "ಹೀಗೆ ನೀರು ಕೆಳಗಿಳಿಯುತ್ತಾ ಹೋಯಿತು, ಈಚೆಗೆ ಮೇಲೆ ಬಂದಿದೆ" ಎಂದು ಒಂದು ವಾಕ್ಯಕ್ಕೆ ಇಳಿಸಿ, ಪೀಠಿಕೆಯನ್ನು ಚೆಂದ ಮಾಡಿ, ಅವರನ್ನು ಕೇಳದೆ ಓದಿಸಿಬಿಟ್ಟೆ. ಚಪ್ಪಾಳೆಯೂ ಬಿತ್ತು. ಅವರು ಅಲ್ಲೇ ಕೂತಿದ್ದರು. ಆಮೇಲೆ ಹತ್ತಿರ ಬಂದು ಮೆಲ್ಲಗೆ ಅಂದರು: "ಮೇಷ್ಟ್ರೇ, ನೀವು ತೆಗ್ದಾಕಿದ್ದೇ ನನ್ ಬರವಣಿಗೆ. ನೀವು ಉಳಿಸ್ಕಂಡಿದ್ದು ನಮ್ ತಮ್ಮನ ಮಗ ಬರ್ಕೊಟ್ಟಿದ್ದು."

ಆ ರಾತ್ರಿ ಕೂತು ಹದಿನೈದು ಹಾಳೆಯ ಅಂಕಿಗಳನ್ನು ಗ್ರಾಫ್ ಹಾಳೆಗೆ ಇಳಿಸಿದೆ. ಗೆರೆ ಒಂದೆಡೆ ಗಕ್ಕನೆ ಮೇಲಕ್ಕೆ ತಿರುಗಿತ್ತು. ತಾರೀಖು ನೋಡಿದರೆ 2022ರ ಮಳೆಗಾಲ, 1933ರ ನಂತರ ಮೊದಲ ಬಾರಿಗೆ ಹಿರಿಯೂರು ಹತ್ತಿರದ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದ ವರ್ಷ. ನೀರು ಮೇಲೆ ಬಂದದ್ದು ಕಣಿವೆ ತುಂಬಿದ್ದಕ್ಕೋ, ಆ ವರ್ಷದ ಮಳೆಗೋ? ಕೂಟದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದು, ನಾನು ಅದನ್ನೇ ಕತ್ತರಿಸಿ ಎಸೆದಿದ್ದೆ. ಮರು ತಿಂಗಳು ಎಲ್ಲರೆದುರು ತಪ್ಪೊಪ್ಪಿಕೊಂಡು ಗ್ರಾಫ್ ಗೋಡೆಗೆ ಅಂಟಿಸಿದೆ. ಅಂದಿನಿಂದ ಅಳತೆ, ತಾರೀಖು, ಜಾಗದ ಹೆಸರು ಎಷ್ಟೇ ಉದ್ದವಿದ್ದರೂ ಮುಟ್ಟುವುದಿಲ್ಲ. ಓದಿಸಲು ಆಗದಿದ್ದರೆ ಗೋಡೆಗೆ ಹೋಗುತ್ತದೆ. ಮೂಲ ಪ್ರತಿ ಬಾಕ್ಸ್ ಫೈಲಿನಲ್ಲಿ ಇರುತ್ತದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಬರೆದವರು ಹೂಂ ಅನ್ನದೆ ಒಂದು ಸಾಲೂ ಹೋಗುವುದಿಲ್ಲ. ಗಂಗಾಮಾತೆಯ ಮಹಿಮೆಗೆ ಮಾತ್ರ ನನ್ನ ಪೆನ್ಸಿಲ್ ಇನ್ನೂ ಚೂಪಾಗಿಯೇ ಇದೆ.

ಈಗ ಪ್ರತಿ ಕೂಟ ಶುರುವಾಗುವುದು ಆ ಬಾವಿಯ ಒಂದು ಸಾಲಿನಿಂದ. ಓದಿ, ಗೋಡೆಯ ಗ್ರಾಫಿನಲ್ಲಿ ಒಂದು ಚುಕ್ಕಿ ಇಟ್ಟು ಮುಂದಿನದಕ್ಕೆ ಹೋಗುತ್ತೇವೆ. ಹೋದ ತಿಂಗಳು ಅವರಿಗೆ ಬರಲಾಗಲಿಲ್ಲ, ಬಸ್ ಕಂಡಕ್ಟರ್ ಕೈಯಲ್ಲಿ ಚೀಟಿ ಬಂತು: "ನೀರು ಹನ್ನೆರಡು ಮೊಳಕ್ಕೆ. ಹಗ್ಗ ಹೊಸದು, ಹಿಗ್ಗಿರಬಹುದು."